ಉರುಳಿದ ಮರದ ಉಳಿದ ಆಯಸ್ಸು

ಏಪ್ರಿಲ್ ಕೊನೆಯಿಂದ ಮುಂಗಾರು ಕಾಲಿಡುವವರೆಗೆ ಬೆಂಗಳೂರಿನ ದಂಡುಪ್ರದೇಶದ ನಿವಾಸಿಗಳಿಗೆ ಒಂದು ದೃಶ್ಯ ಚಿರಪರಿಚಿತ. ಸಂಜೆ ಆಕಾಶ ಕಪ್ಪಿಡುತ್ತದೆ, ಅರ್ಧ ಗಂಟೆ ಬಿರುಗಾಳಿ ಬೀಸುತ್ತದೆ, ಆನೆಕಲ್ಲು ಬಿದ್ದರೂ ಬೀಳಬಹುದು. ಮಳೆ ನಿಂತ ಮೇಲೆ ನೋಡಿದರೆ ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಮೂರು ತಲೆಮಾರಿಗೆ ನೆರಳು ಕೊಟ್ಟ ಮಳೆಮರವೊಂದು ಬೇರುಸಹಿತ ರಸ್ತೆಗೆ ಅಡ್ಡಲಾಗಿ ಮಲಗಿರುತ್ತದೆ. ಅದರಡಿ ಒಂದೆರಡು ವಾಹನಗಳು ಅಪ್ಪಚ್ಚಿಯಾಗಿರುತ್ತವೆ. ವಿದ್ಯುತ್ ಇರುವುದಿಲ್ಲ. ಅಷ್ಟರಲ್ಲಿ ಯಂತ್ರಗರಗಸ ಹಿಡಿದ ಸಿಬ್ಬಂದಿ ಬಂದು ಕೆಲಸ ಆರಂಭಿಸುತ್ತಾರೆ.

ರಸ್ತೆಯನ್ನು ತೆರವುಗೊಳಿಸುವುದು ಅವರ ಕರ್ತವ್ಯ. ಅದನ್ನು ಅವರು ಜೀವಾಪಾಯದ ನಡುವೆಯೂ ಮಾಡುತ್ತಾರೆ. ಮೊದಲು ಕೊಂಬೆಗಳು, ನಂತರ ಕವಲುಗಳು, ಕೊನೆಗೆ ಕಾಂಡ. ಇಬ್ಬರು ಹೊರಳಿಸಿ ಲಾರಿಗೆ ಏರಿಸಬಹುದಾದಷ್ಟು ಗಾತ್ರಕ್ಕೆ, ಎರಡು ಮೂರು ಅಡಿಗೊಂದರಂತೆ, ಕಾಂಡವನ್ನು ತುಂಡರಿಸಲಾಗುತ್ತದೆ. ಮರ ಮರವಾಗಿ ಸತ್ತದ್ದು ಗಾಳಿಗೆ. ದಿಮ್ಮಿಯಾಗಿ ಸಾಯುವುದು ಈ ಗರಗಸಕ್ಕೆ. ಎರಡಡಿಯ ತುಂಡಿನಿಂದ ಬೆಂಚೂ ಆಗದು, ಬಾಗಿಲೂ ಆಗದು, ಆಳೆತ್ತರದ ಶಿಲ್ಪವೂ ಆಗದು. ಅದಕ್ಕೆ ಉಳಿಯುವುದು ಒಲೆಯ ದಾರಿಯೊಂದೇ.

ಅದೇ ಬಿರುಗಾಳಿ ಹಾದುಹೋದ ಇಂದಿರಾನಗರದ ನೂರಡಿ ರಸ್ತೆಯಲ್ಲಿ ಪೀಠೋಪಕರಣ ಮಳಿಗೆಗಳ ಗಾಜಿನ ಕಿಟಕಿಗಳು ಸಾಲುಗಟ್ಟಿವೆ. ಇತ್ತೀಚಿನ ವರ್ಷಗಳಲ್ಲಿ ಶ್ರೀಮಂತರ ಮನೆಗಳಿಗೆ ಬೇಕಾಗಿರುವುದು ಕಡೆದು ನುಣುಪುಗೊಳಿಸಿದ ಕಾಲುಗಳ ಮೇಜಲ್ಲ. ಮರದ ಸಹಜ ಅಂಚನ್ನು, ಗಂಟುಗಳನ್ನು, ಬಿರುಕುಗಳನ್ನು ಹಾಗೆಯೇ ಉಳಿಸಿಕೊಂಡ ಒಂದೇ ಹಲಗೆಯ ಮೇಜು. ಜಗತ್ತಿನ ಮಾರುಕಟ್ಟೆಯಲ್ಲಿ ಇಂಥ ಮೇಜುಗಳಿಗೆ ಬಹುವಾಗಿ ಬಳಕೆಯಾಗುವ ಮರಗಳಲ್ಲಿ ‘ಸುವಾರ್’ ಎಂಬುದೊಂದು. ಅದು ಇಂಡೊನೇಷ್ಯಾದಿಂದ ಹಡಗೇರಿ ದೇಶದೇಶಗಳಿಗೆ ಹೋಗುತ್ತದೆ. ಹೆಸರು ಕೇಳಿ ಯಾವುದೋ ಅಪೂರ್ವ ವೃಕ್ಷವಿರಬೇಕು ಎಂದು ಭಾವಿಸಬೇಕಾಗಿಲ್ಲ. ಸಸ್ಯಶಾಸ್ತ್ರಜ್ಞರು ‘ಸಮಾನಿಯ ಸಮಾನ್’ ಎಂದು ಕರೆಯುವ ಆ ಮರ ಬೇರೇನೂ ಅಲ್ಲ, ನಮ್ಮ ರಸ್ತೆಯಲ್ಲಿ ಬಿದ್ದು ಸೌದೆಯಾಗುವ ಅದೇ ಮಳೆಮರ. ಪರದೇಶದಲ್ಲಿ ಮೇಜಾಗಿ ಮಾನ ಪಡೆಯುವ ಮರ ನಮ್ಮಲ್ಲಿ ಬೂದಿಯಾಗುತ್ತದೆ.

ಮಳೆಮರ ಈ ನೆಲದ್ದಲ್ಲ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ ಅದರ ತವರು. 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡಿನ ಅಗಲ ರಸ್ತೆಗಳಿಗೆ, ವಿಶಾಲ ಬಂಗಲೆಗಳಿಗೆ ಅದರ ಕೊಡೆಯಂಥ ಹರವು ಒಪ್ಪಿತು. ಮುಸ್ಸಂಜೆಗೆ ಎಲೆ ಮುಚ್ಚಿಕೊಳ್ಳುವ ಈ ಮರದ ಮರಮುಟ್ಟಿನ ಗುಣ ಮಾತ್ರ ನಮಗೆ ಅಷ್ಟಾಗಿ ತಿಳಿದಿಲ್ಲ. ಅದರ ಚೇಗು ಗಾಢ ಕಂದು, ಸುತ್ತಲಿನ ಪದರ ಬಿಳಿ-ಹಳದಿ. ಒಣಗುವಾಗ ಅದು ಕುಗ್ಗುವುದು ಬಹಳ ಕಡಿಮೆ. ಆದ್ದರಿಂದಲೇ ಹವಾಯಿ ದ್ವೀಪಗಳ ಕುಶಲಕರ್ಮಿಗಳು ಅದರಿಂದ ಬೋಗುಣಿಗಳನ್ನು ಕಡೆದು ಹೆಸರಾದರು. ಮೂರಡಿ ವ್ಯಾಸದ, ಎಂಟಡಿ ಉದ್ದದ ಒಂದು ದಿಮ್ಮಿಯಲ್ಲಿ ಸುಮಾರು 56 ಘನ ಅಡಿ ಮರವಿರುತ್ತದೆ. ಹಸಿಯಾಗಿದ್ದಾಗ ಅದರ ತೂಕ ಒಂದು ಟನ್ನಿಗೂ ಹೆಚ್ಚು. ಅದನ್ನು ಎಂಟಡಿಯಾಗಿಯೇ ಉಳಿಸಿಕೊಂಡರೆ ಒಂದು ಶಾಲೆಯ ಗ್ರಂಥಾಲಯಕ್ಕೆ ಮೇಜು, ಬೆಂಚುಗಳನ್ನು ಮಾಡಬಹುದು.

ಇಡಿಯ ದಿಮ್ಮಿಯನ್ನು ಕಡಿಮೆ ಕೆತ್ತನೆಯಲ್ಲಿ ಬಳಸುವ ಕಲೆ ಹೊರಗಿನಿಂದ ಬಂದ ಹೊಸ ಷೋಕಿ ಎಂದು ಮೂಗು ಮುರಿಯುವವರಿದ್ದಾರೆ. ಮಲೆನಾಡಿನ ಮನೆಗಳಲ್ಲಿ ಮದುವೆಯ ಅನ್ನವನ್ನು ಹಾಕಿಡುತ್ತಿದ್ದ ಮರಿಗೆ ಒಂದೇ ಕಾಂಡದಲ್ಲಿ ತೋಡಿದ್ದು. ಹೊಳೆ ದಾಟಿಸುತ್ತಿದ್ದ ಪಾತಿದೋಣಿಯೂ ಅಷ್ಟೇ. ಕುಡಿಕೆ, ದಂಡಿ, ಕುತ್ತಿಗೆ ಮೂರನ್ನೂ ಒಂದೇ ಹಲಸಿನ ಕಾಂಡದಿಂದ ಕೊರೆದ ಏಕಾಂಡ ವೀಣೆಗೆ ಸಂಗೀತಗಾರರಲ್ಲಿ ಇಂದಿಗೂ ವಿಶೇಷ ಗೌರವವಿದೆ. ಹಲಸಿನ ತೋಪಿನಿಂದಲೇ ಹಲಸೂರಿಗೆ ಆ ಹೆಸರು ಬಂದಿತೆಂಬ ಪ್ರತೀತಿಯಿರುವ ಊರಿನಲ್ಲಿ ಇದನ್ನು ನೆನಪಿಸಬೇಕಾಗಿ ಬಂದಿರುವುದೇ ವಿಪರ್ಯಾಸ. ಇನ್ನು ಶಿಲ್ಪದ ಮಾತು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ದೈವಗಳ ಬೃಹತ್ ಮರದ ಮೂರ್ತಿಗಳನ್ನು ನೋಡಿದವರಿಗೆ ಕಾಂಡದ ಗಾತ್ರವೇ ಶಿಲ್ಪದ ಗಾಂಭೀರ್ಯವಾಗುವ ಬಗೆ ಅರ್ಥವಾಗುತ್ತದೆ. ಅಲ್ಲಿನ ಹಳೆಯ ಮೂರ್ತಿಗಳಲ್ಲಿ ಹಲವು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದ ಹೆಮ್ಮೆಯ ಸಂಗ್ರಹ.

ಈ ಕಲೆಗೆ ಆಧುನಿಕ ಜಗತ್ತಿನಲ್ಲಿ ಗೌರವ ತಂದುಕೊಟ್ಟವರಲ್ಲಿ ಮೊದಲು ನೆನಪಾಗುವ ಜಾರ್ಜ್ ನಕಾಶಿಮಾ (1905–1990) ಕೂಡ ನಮಗೆ ಪೂರ್ತಿ ಹೊರಗಿನವರಲ್ಲ. ಜಪಾನಿ ಮೂಲದ ಈ ಅಮೆರಿಕನ್ ವಾಸ್ತುಶಿಲ್ಪಿ 1930ರ ದಶಕದ ಕೊನೆಯಲ್ಲಿ ಪುದುಚೇರಿಯ ಅರವಿಂದಾಶ್ರಮಕ್ಕೆ ಬಂದು ‘ಗೋಲ್ಕೊಂಡೆ’ ವಸತಿಗೃಹದ ನಿರ್ಮಾಣದಲ್ಲಿ ತೊಡಗಿಕೊಂಡರು. ಅಲ್ಲಿ ಅವರಿಗೆ ದೊರೆತ ಹೆಸರು ಸುಂದರಾನಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ, ಶಿಬಿರದಲ್ಲಿದ್ದ ಹಿರಿಯ ಬಡಗಿಯೊಬ್ಬರಿಂದ ಕೈಗೆ ಸಿಕ್ಕ ಬೇಡದ ಮರದಲ್ಲಿಯೇ ಕೆಲಸ ಕಲಿತರು. ಮುಂದೆ ಅವರು ಮಾಡಿದ ಮೇಜುಗಳಲ್ಲಿ ಬಿರುಕನ್ನು ಮರೆಮಾಚಲಿಲ್ಲ. ಅದು ಮುಂದುವರಿಯದಂತೆ ಚಿಟ್ಟೆಯಾಕಾರದ ಮರದ ಬೆಣೆಯನ್ನು ಕೂರಿಸಿ ಎಲ್ಲರಿಗೂ ಕಾಣುವಂತೆ ಬಿಟ್ಟರು. ದೋಷವೆಂದು ಇತರರು ಎಸೆದದ್ದೇ ಅವರ ಕೈಯಲ್ಲಿ ಚೆಲುವಾಯಿತು. 1964ರಲ್ಲಿ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು.

ಆದರೆ ಭಾವುಕತೆಯಿಂದ ಬೆಂಚು ತಯಾರಾಗುವುದಿಲ್ಲ. ಈ ಕೆಲಸದ ನಿಜವಾದ ಕಷ್ಟ ಕೆತ್ತನೆಯಲ್ಲಿ ಇಲ್ಲ, ಕಾಯುವುದರಲ್ಲಿದೆ. ಹಸಿ ಮರದಲ್ಲಿ ಅಪಾರ ನೀರಿರುತ್ತದೆ. ತೇವಾಂಶ ಸುಮಾರು ಶೇ 30ಕ್ಕಿಂತ ಕೆಳಗಿಳಿದಾಗ ಮರ ಕುಗ್ಗತೊಡಗುತ್ತದೆ. ಸುತ್ತಳತೆಯ ದಿಕ್ಕಿನ ಕುಗ್ಗುವಿಕೆ ತಿರುಳಿನಿಂದ ತೊಗಟೆಯತ್ತ ಆಗುವ ಕುಗ್ಗುವಿಕೆಯ ಸ್ಥೂಲವಾಗಿ ಎರಡರಷ್ಟು. ಈ ಎಳೆದಾಟದಲ್ಲಿ ಕಾಂಡದ ದುಂಡು ಬಿಲ್ಲೆ ಅಂಚಿನಿಂದ ನಡುವಿನವರೆಗೆ ಸೀಳುತ್ತದೆ. ಕಡಿದ ತುದಿಗಳು ಉಳಿದ ಭಾಗಕ್ಕಿಂತ ಬಹುಬೇಗ ಒಣಗುವುದರಿಂದ ಮೊದಲ ಬಿರುಕು ಅಲ್ಲಿಯೇ ಹುಟ್ಟುತ್ತದೆ. ಇದಕ್ಕೆ ಮದ್ದು ಸರಳ. ಕಡಿದ ದಿನವೇ ತುದಿಗಳಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯಬೇಕು. ಆದಷ್ಟು ಬೇಗ ಹಲಗೆಯಾಗಿ ಸೀಳಿ, ನಡುವೆ ಸಣ್ಣ ರೀಪುಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ಬಿಳಿಯ ಪದರವನ್ನು ಪುಡಿಮಾಡುವ ಹುಳುಗಳಿಂದ ಕಾಪಾಡಲು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಉಪಚಾರವೂ ಬೇಕು.

ಈ ಜ್ಞಾನಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. 1938ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ 1988ರಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಮಲ್ಲೇಶ್ವರದಲ್ಲಿ ಬೆಳೆದು ನಿಂತಿದೆ. ಮರವನ್ನು ಹದಗೊಳಿಸುವ, ಸಂರಕ್ಷಿಸುವ ವಿದ್ಯೆಯಲ್ಲಿ ಅದು ದೇಶದ ಪ್ರಮುಖ ಸಂಸ್ಥೆ. ಲಾಲ್‌ಬಾಗಿನಲ್ಲಿ ಬಿದ್ದ ಮತ್ತು ಒಣಗಿದ ಮರಗಳ ಕಾಂಡಗಳನ್ನು ಕಲಾವಿದರು ಶಿಲ್ಪಗಳನ್ನಾಗಿ ಮಾಡಿದ್ದನ್ನು ಅಲ್ಲಿಗೆ ಹೋದವರು ನೋಡಿರುತ್ತಾರೆ. ವಿಜ್ಞಾನವೂ ಇದೆ, ಕಲೆಯೂ ಇದೆ. ಇಲ್ಲದಿರುವುದು ಇವೆರಡಕ್ಕೂ ಬಿದ್ದ ಮರಕ್ಕೂ ನಡುವಿನ ಸೇತುವೆ.

ಆ ಸೇತುವೆಗಿರುವ ಅಡ್ಡಿಗಳನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮೊದಲನೆಯದು ಮೊಳೆ. ಕಾಡಿನ ಮರದಲ್ಲಿ ಇಲ್ಲದ್ದು ನಗರದ ಮರದಲ್ಲಿ ಇರುತ್ತದೆ: ಟ್ಯೂಷನ್ ಜಾಹೀರಾತಿನ ಮೊಳೆ, ದೀಪದ ಸರದ ತಂತಿ, ಯಾವುದೋ ಚುನಾವಣೆಯ ಫಲಕದ ಕೊಂಡಿ. ವರ್ಷಗಳು ಕಳೆದಂತೆ ಮರ ಅವನ್ನು ತನ್ನೊಳಗೆ ನುಂಗಿಕೊಂಡಿರುತ್ತದೆ. ಗರಗಸದ ಅಲಗು ಅಂಥ ಮೊಳೆಗೆ ಸಿಕ್ಕರೆ ಹಾಳಾದಂತೆಯೇ. ಆದ್ದರಿಂದ ರಸ್ತೆಬದಿಯ ದಿಮ್ಮಿಯೆಂದರೆ ಗರಗಸದ ಕಾರ್ಖಾನೆಯವರು ಹಿಂಜರಿಯುವುದು ಸಹಜ. ಲೋಹಶೋಧಕವೊಂದು ಈ ಸಮಸ್ಯೆಯನ್ನು ಬಹುಮಟ್ಟಿಗೆ ಬಗೆಹರಿಸಬಲ್ಲದು. ಎರಡನೆಯದು ಸ್ಥಳ. ಹತ್ತಡಿಯ ದಿಮ್ಮಿಯನ್ನು ಎತ್ತಲು ಕ್ರೇನ್ ಬೇಕು, ಇಡಲು ಅಂಗಳ ಬೇಕು. ಶಿವಾಜಿನಗರದ ಓಣಿಯಲ್ಲಿ ಹಳೆಯ ಕುರ್ಚಿಗೆ ಹೊಸ ಕಾಲು ಕೂರಿಸುವ ಬಡಗಿಗೆ ಕೈಚಳಕವಿದ್ದರೂ ಮೂರು ವರ್ಷ ಮರವನ್ನು ಒಣಗಲು ಬಿಡುವ ಜಾಗವಾಗಲೀ ಬಂಡವಾಳವಾಗಲೀ ಇಲ್ಲ. ಮೂರನೆಯದು ವಿಲೇವಾರಿಯ ರೀತಿ. ತುಂಡುಗಳನ್ನು ರಾಶಿಯಾಗಿ ನೋಡುವ ಕಣ್ಣಿಗೆ ಹಲಸು, ನೇರಳೆ, ಮಹಾಗನಿ, ಮಳೆಮರ ಎಲ್ಲವೂ ಒಂದೇ: ಸೌದೆ.

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಮೆರಿಕದ ಬಾಲ್ಟಿಮೋರ್ ನಗರಾಡಳಿತ ತನ್ನ ರಸ್ತೆ, ಉದ್ಯಾನಗಳಲ್ಲಿ ಬಿದ್ದ ಮರಗಳನ್ನು ‘ಕ್ಯಾಂಪ್ ಸ್ಮಾಲ್’ ಎಂಬ ಅಂಗಳದಲ್ಲಿ ಸಂಗ್ರಹಿಸುತ್ತದೆ. ಅದು ಕೆಲವು ವರ್ಷಗಳ ಹಿಂದಿನವರೆಗೂ ಮರ ಸುರಿಯುವ ತಿಪ್ಪೆಯಾಗಿತ್ತು. 2016ರ ಸುಮಾರಿಗೆ ಆರಂಭವಾದ ಯೋಜನೆಯಡಿ ಅಲ್ಲಿ ದಿಮ್ಮಿಗಳನ್ನು ಜಾತಿವಾರು ವಿಂಗಡಿಸಿ, ಒಳ್ಳೆಯದನ್ನು ಕುಶಲಕರ್ಮಿಗಳಿಗೆ ಮಾರಿ, ಉಳಿದದ್ದನ್ನು ಹೊಟ್ಟು, ಗೊಬ್ಬರ ಮಾಡಲಾಗುತ್ತಿದೆ. ಇದಕ್ಕೆ ಬೇಕಾದದ್ದು ಅದ್ಭುತ ತಂತ್ರಜ್ಞಾನವಲ್ಲ. ಬಿದ್ದ ಮರವನ್ನು ಕಸವೆಂದು ಕರೆಯದಿರುವ ಸಂಕಲ್ಪ.

ಬೆಂಗಳೂರಿನ ಆಡಳಿತ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಪ್ರತಿಯೊಂದಕ್ಕೂ ಒಂದು ಮರದಂಗಳ ದುಬಾರಿಯೇನಲ್ಲ. ಪೂರ್ವದಲ್ಲಿ ಕೆ.ಆರ್. ಪುರದ ಆಸುಪಾಸು ಅಂಥದೊಂದು ಆರಂಭವಾದರೆ ಹಲಸೂರು, ಇಂದಿರಾನಗರಗಳ ಮರಗಳೂ ಹಳೆ ಮದ್ರಾಸು ರಸ್ತೆಯ ಮೂಲಕ ಅಲ್ಲಿಗೆ ತಲುಪಬಲ್ಲವು. ಅದಕ್ಕೂ ಮೊದಲು, ಒಂದು ರೂಪಾಯಿಯೂ ಖರ್ಚಿಲ್ಲದೆ ಹೊರಡಿಸಬಹುದಾದ ಸೂಚನೆಯೊಂದಿದೆ: ಎರಡಡಿಗಿಂತ ದಪ್ಪನಾದ, ಒಳಗೆ ಟೊಳ್ಳಿಲ್ಲದ ನೇರ ಕಾಂಡವನ್ನು ಎಂಟಡಿಗಿಂತ ಚಿಕ್ಕದಾಗಿ ತುಂಡರಿಸಕೂಡದು, ರಸ್ತೆಯ ಬದಿಗೆ ಸರಿಸಿ, ಕ್ರೇನ್ ಬರುವವರೆಗೆ ಕಾಯಬೇಕು.

ಹೀಗೆ ಉಳಿದ ಮರ ಹೋಗಬೇಕಾದದ್ದು ಶ್ರೀಮಂತರ ದಿವಾನಖಾನೆಗೆ ಮಾತ್ರವಲ್ಲ. ಸರ್ಕಾರಿ ಶಾಲೆಯ ಜಗುಲಿಗೆ, ವಾರ್ಡಿನ ಗ್ರಂಥಾಲಯಕ್ಕೆ, ಆಸ್ಪತ್ರೆಯ ಪಡಸಾಲೆಗೆ ಬೆಂಚುಗಳು ಬೇಕು. ಉದ್ಯಾನಗಳಿಗೆ ಶಿಲ್ಪಗಳು ಬೇಕು. ಅಲ್ಲಿಯೂ ಒಂದು ಎಚ್ಚರ ಅಗತ್ಯ. ಒದ್ದೆ ನೆಲಕ್ಕೆ ನೇರವಾಗಿ ನಿಲ್ಲಿಸಿದ ಮರ ಕೆಲವೇ ಮಳೆಗಾಲಗಳಲ್ಲಿ ಬುಡದಿಂದ ಕೊಳೆಯುತ್ತದೆ. ನಮ್ಮ ಹಿರಿಯರು ತೊಟ್ಟಿಮನೆಯ ಕಂಬವನ್ನು ಮಣ್ಣಿನಲ್ಲಿ ಹೂಳಲಿಲ್ಲ, ಕಲ್ಲಿನ ಮೇಲೆ ನಿಲ್ಲಿಸಿದರು. ಗ್ರಾನೈಟಿಗೆ ಬರವಿಲ್ಲದ ನಾಡಿನಲ್ಲಿ ಪ್ರತಿ ಶಿಲ್ಪಕ್ಕೂ ಒಂದು ಕಲ್ಲಿನ ಪೀಠ, ವರ್ಷಕ್ಕೊಮ್ಮೆ ಎಣ್ಣೆಯ ಲೇಪನ, ಸಾಧ್ಯವಾದೆಡೆ ಒಂದು ಮಾಡು ಒದಗಿಸುವುದು ಕಷ್ಟವಲ್ಲ.

ಇಷ್ಟು ಹೇಳಿದ ಮೇಲೆ ಒಂದು ಅನುಮಾನವನ್ನು ಎದುರಿಸಲೇಬೇಕು. ದಿಮ್ಮಿಗೆ ಬೆಲೆ ಬಂದರೆ ನಿಂತ ಮರಕ್ಕೆ ಆಪತ್ತು ಬಾರದೇ? ಈ ಭಯ ನಿರಾಧಾರವಲ್ಲ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ಮೆಟ್ರೊ ಓಡುವ ಮೊದಲು ಆ ದಾರಿಯ ನೆರಳು ಎಷ್ಟಿತ್ತೆಂಬುದು ಹಳಬರಿಗೆ ಗೊತ್ತು. 2025ರಲ್ಲಿ ದಂಡು ರೈಲು ನಿಲ್ದಾಣದ ಬಳಿಯ ರೈಲ್ವೆ ಕಾಲೊನಿಯ 350ಕ್ಕೂ ಹೆಚ್ಚು ಮರಗಳಿಗಾಗಿ ನಾಗರಿಕರು ದನಿಯೆತ್ತಬೇಕಾಯಿತು. ರಾಜ್ಯ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಮುಂದಾಯಿತು. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವೆಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯಷ್ಟು ಕಡಿಮೆ. ಎಂಥ ಮೇಜೂ ಇಂಥ ನೆರಳಿಗೆ ಬದಲಿಯಾಗದು.

ಆದ್ದರಿಂದ ಮರದಂಗಳದ ನಿಯಮ ಕಟ್ಟುನಿಟ್ಟಾಗಿರಬೇಕು. ತಾನಾಗಿ ಬಿದ್ದ ಮರ, ಇಲ್ಲವೇ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಪಡೆದು ಕಡಿದ ಮರ ಮಾತ್ರ ಅಲ್ಲಿಗೆ ಬರಬೇಕು. ಪ್ರತಿ ದಿಮ್ಮಿಯ ಮೇಲೂ ಅದು ನಿಂತಿದ್ದ ರಸ್ತೆಯ ಹೆಸರು, ಬಿದ್ದ ದಿನಾಂಕ ಇರಬೇಕು. ಮಾರಾಟದ ಹಣ ಅದೇ ರಸ್ತೆಯಲ್ಲಿ ಸಸಿ ನೆಡಲು, ನಿಂತ ಮರಗಳ ಬುಡದ ಕಾಂಕ್ರೀಟ್ ಬಿಡಿಸಲು ವಿನಿಯೋಗವಾಗಬೇಕು. ಎಷ್ಟೋ ಮರಗಳು ಬೀಳುವುದು ಗಾಳಿಯ ಬಲದಿಂದಷ್ಟೇ ಅಲ್ಲ, ನಾವು ಬೇರು ಕಡಿದು ಬುಡ ಬಿಗಿದದ್ದರಿಂದಲೂ ಎಂಬುದನ್ನು ಮರೆಯಬಾರದು. ಯಾವ ರಸ್ತೆಯಿಂದ ಎಷ್ಟು ದಿಮ್ಮಿ ಬಂದವೆಂಬ ಲೆಕ್ಕ ಬಹಿರಂಗವಾಗಿದ್ದರೆ, ಅದೇ ನಿಂತ ಮರಗಳ ಕಾವಲುಗಾರನೂ ಆಗುತ್ತದೆ.

ಮರದ ಒಣ ತೂಕದ ಅರ್ಧದಷ್ಟು ಇಂಗಾಲ. ನಮ್ಮ ಅಜ್ಜಂದಿರ ಕಾಲದ ಗಾಳಿಯಿಂದ ಮರ ಅದನ್ನು ಹೀರಿ ಕೂಡಿಟ್ಟದ್ದು. ಒಲೆಗೆ ಹಾಕಿದರೆ ಒಂದು ಮಧ್ಯಾಹ್ನದಲ್ಲಿ ಅದು ಗಾಳಿಗೆ ಮರಳುತ್ತದೆ. ಬೆಂಚಾಗಿಸಿದರೆ ನಮ್ಮ ಮೊಮ್ಮಕ್ಕಳ ಕಾಲದವರೆಗೆ ಉಳಿದೀತು. ಈ ಮೇ ತಿಂಗಳಲ್ಲೂ ಗಾಳಿ ಬೀಸುತ್ತದೆ, ದಂಡಿನ ಯಾವುದೋ ರಸ್ತೆಯಲ್ಲಿ ಒಂದು ಹಿರಿಯ ಮರ ಉರುಳುತ್ತದೆ. ಅದನ್ನು ತಡೆಯುವುದು ಎಲ್ಲ ಸಲವೂ ನಮ್ಮ ಕೈಯಲ್ಲಿಲ್ಲ. ಅದು ಬಿದ್ದ ನಂತರ ಗರಗಸವನ್ನು ಎಷ್ಟು ಅಡಿಗೆ ಇಡಬೇಕು ಎಂಬುದು ಮಾತ್ರ ಖಂಡಿತ ನಮ್ಮ ಕೈಯಲ್ಲಿದೆ.