ಶಬ್ದತರಂಗವೂ ದೇಹದ ಕಾವಲು ಪಡೆಯೂ

ಈಚೆಗೆ ಚಚಡಿಯ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಕುಳಿತಿದ್ದೆವು. ಆ ಮನೆಯ ತಾಯಿಗೆ ಬಾಯಿಯಲ್ಲಿ ಮಾಯದ ಹುಣ್ಣು. ವೈದ್ಯರು ಕ್ಯಾನ್ಸರೆಂದು ತಿಳಿಸಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಪಡಿಸಿದ್ದರು. ಹಿರಿಯ ಮಗ ಕೇಳಿದರು: "ಅಜ್ಜಾರ, ಕೊಯ್ಯದ ಬರೇ ಶಬ್ದದಿಂದ ಗಡ್ಡಿ ಕರಗಸ್ತಾರಂತ, ಖರೇ ಏನ್ರಿ? ಆಪರೇಶನ್ ಬಿಟ್ಟು ಅದಕ್ಕ ಕಾಯೂಣೇನ್ರಿ?" ಅಂದು ನಾವು ಕೊಟ್ಟ ಉತ್ತರವನ್ನೇ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮಾತು ಪೂರ್ಣ ಸುಳ್ಳಲ್ಲ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಕಂಪಿಸುವ ಶಬ್ದ ಮನುಷ್ಯನ ಕಿವಿಗೆ ಕೇಳಿಸದು. ಗರ್ಭಿಣಿಯರ ಸ್ಕ್ಯಾನಿಂಗಿಗೆ ಬಳಸುವುದು ಇದನ್ನೇ. ಭೂತಗನ್ನಡಿಯು ಬಿಸಿಲನ್ನು ಒಂದೆಡೆ ಕೂಡಿಸಿ ಅರಳೆಯನ್ನು ಸುಡುವಂತೆ, ಈ ತರಂಗಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿದರೆ ಚರ್ಮವನ್ನು ಕೊಯ್ಯದೆಯೇ ಒಳಗಿನ ಗಡ್ಡೆಯನ್ನು ಸುಡಬಹುದು. ಹಿಸ್ಟೋಟ್ರಿಪ್ಸಿ ಎಂಬ ಇನ್ನೊಂದು ವಿಧಾನದಲ್ಲಿ ಸುಡುವುದಿಲ್ಲ. ಸೂಕ್ಷ್ಮ ಗುಳ್ಳೆಗಳೆದ್ದು ಒಡೆದು ಗಡ್ಡೆಯನ್ನು ನುಚ್ಚುಗೊಳಿಸುತ್ತವೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ವಿಧಾನಕ್ಕೆ 2023ರ ಅಕ್ಟೋಬರಿನಲ್ಲಿ ಅಮೆರಿಕ ಸರಕಾರವು ಯಕೃತ್ತಿನ ಗಡ್ಡೆಗಳಿಗಾಗಿ ಅನುಮತಿಯಿತ್ತಿತು.

ಇದರಲ್ಲಿ ಇನ್ನೊಂದು ಆಸೆಯೂ ಅಡಗಿದೆ. ರಕ್ತದ ಬಿಳಿಯ ಕಣಗಳು ದೇಹದ ಕಾವಲುಗಾರರು. ಆದರೆ ಕ್ಯಾನ್ಸರ್ ಹೊರಗಿನ ವೈರಿಯಲ್ಲ, ಮನೆಯವನ ವೇಷದಲ್ಲಿರುವ ಕಳ್ಳ. ಕಾವಲುಗಾರರು ಅವನನ್ನು ಗುರುತಿಸದೆ ಹೋಗುತ್ತಾರೆ. ಗಡ್ಡೆ ನುಚ್ಚಾದಾಗ ಅದರ ಗುರುತುಗಳು ಹೊರಬಿದ್ದು ಕಾವಲು ಪಡೆ ಎಚ್ಚರಗೊಳ್ಳಬಹುದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತರಂಗ ತಾಗದ ದೂರದ ಗಡ್ಡೆಗಳೂ ಕುಗ್ಗಿದ್ದುಂಟು. ಕಾವಲು ಪಡೆಯ ಮೇಲಿನ ತಡೆಯನ್ನು ತೆಗೆಯುವ ಮಾರ್ಗ ಕಂಡ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಂಥ ಔಷಧಗಳೊಡನೆ ಶಬ್ದತರಂಗವನ್ನು ಜೋಡಿಸಿ ಮನುಷ್ಯರಲ್ಲಿಯೂ ಪರೀಕ್ಷಿಸಲಾಗುತ್ತಿದೆ.

ಆದರೆ ಪರೀಕ್ಷೆ ಬೇರೆ, ಸಿದ್ಧ ಚಿಕಿತ್ಸೆ ಬೇರೆ. ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ಬದಲು ನಂಬಿ ಕೂಡ್ರುವಂಥದು ಇದಲ್ಲ. ಕಾಯುವ ಒಂದೊಂದು ತಿಂಗಳೂ ಗಡ್ಡೆ ಬೆಳೆಯಲು ಕೊಟ್ಟ ಅವಕಾಶ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ; ನಮ್ಮ ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಬಾಯಿಯ ಹುಣ್ಣು ಮೂರು ವಾರಗಳಲ್ಲಿ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತಂಬಾಕನ್ನು ಇಂದೇ ಬಿಡಬೇಕು.

ನಮ್ಮ ಮಾತು ಮುಗಿಯುವವರೆಗೆ ಆ ತಾಯಿ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದರು. ಬಳಿಕ ಎದ್ದು ಸೊಂಟದಲ್ಲಿದ್ದ ತಂಬಾಕಿನ ಚಂಚಿಯನ್ನು ತೆಗೆದು ಒಲೆಗೆ ಹಾಕಿದರು. ಗೊತ್ತಾದ ದಿನದಂದೇ ಮಗ ಅವರನ್ನು ಆಸ್ಪತ್ರೆಗೆ ಕರೆದೊಯ್ದರು.