ಒಳ್ಳೆಯ ಎಲೆ ಕೈಯಲ್ಲಿದ್ದರೂ

ಮಿತಿಯಿಲ್ಲದ ಪೋಕರ್ ಆಟದಲ್ಲಿ ಎದುರಾಳಿ ಯಾವ ಸರದಿಯಲ್ಲಾದರೂ ತನ್ನ ಸರ್ವಸ್ವವನ್ನೂ ಪಣಕ್ಕಿಡಬಹುದು. ಆತನ ಎಲೆ ಮೇಲಿನದೆಂದು ತೋರಿದರೆ, ನಮ್ಮದು ಒಳ್ಳೆಯದಾಗಿದ್ದರೂ ಕೈಬಿಡಬೇಕು. ಈವರೆಗೆ ಹಾಕಿದ ಹಣ ಲೆಕ್ಕಕ್ಕಿಲ್ಲ. ಪಣದಲ್ಲಿ 300 ರೂಪಾಯಿ ಸೇರಿದ್ದು, ಉಳಿಯಲು ಇನ್ನೂ 100 ಬೇಕಿದ್ದರೆ, ಗೆಲುವಿನ ಸಂಭವ ಶೇ. 25ನ್ನು ಮೀರಬೇಕು, ಅಷ್ಟೇ.

ಈ ಲೆಕ್ಕ ಇಸ್ಪೀಟಿಗಿಂತ ಅಡಿಕೆ ತೋಟದಲ್ಲಿ ಕಠಿಣ. 2024ರ ಬೇಸಿಗೆಯಲ್ಲಿ ಚನ್ನಗಿರಿ ತಾಲ್ಲೂಕಿನ ಬೆಳೆಗಾರರು ತೋಟಗಳಿಗೆ ಟ್ಯಾಂಕರ್ ನೀರು ಉಣಿಸಿದರು. ಭದ್ರಾ ನಾಲೆ ಕೈಕೊಟ್ಟರೆ ತ್ಯಾವಣಿಗೆಯ ತೋಟಗಾರನಿಗೂ ಇದೇ ಇಕ್ಕಟ್ಟು. ಫಸಲಿಗೆ ಬಂದ ತೋಟ ಒಳ್ಳೆಯ ಎಲೆಯೇ ಸರಿ. ಮತ್ತೆ ನೆಟ್ಟರೆ ಐದಾರು ವರ್ಷ ಕಾಯಬೇಕು. ಆದರೂ ನೋಡಬೇಕಾದದ್ದು ಹಿಂದಿನ ಟ್ಯಾಂಕರುಗಳ ಸಾಲವನ್ನಲ್ಲ, ಮುಂದಿನದು ಮರವನ್ನು ಮಳೆಗಾಲಕ್ಕೆ ದಾಟಿಸೀತೇ ಎಂಬುದನ್ನು. ಇಸ್ಪೀಟಿನಲ್ಲಿ ಅರ್ಧ ಕೈ ಬಿಡುವಂತಿಲ್ಲ, ತೋಟದಲ್ಲಿ ಬಿಡಬಹುದು. ಇಳುವರಿ ಕುಗ್ಗಿದ ಹಳೆಯ ಸಾಲುಗಳನ್ನು ಒಣಗಲು ಬಿಟ್ಟು ಎಳೆಯವಕ್ಕೆ ನೀರುಣಿಸಿದರೆ ಅದನ್ನು ಸೋಲೆಂದು ನಾನು ಕರೆಯಲಾರೆ.