ಎರಡನೆಯ ಗೋಲು ಹೊಡೆದವರಿಲ್ಲ

ಭಾರತದ ಹಾಕಿಯಲ್ಲಿ ಬೆರಗಿನ ಸ್ಕೋರ್ ಯಾವುದೆಂದು ಕೇಳಿದರೆ ಬಲ್ಲವರು ತಟ್ಟನೆ 24–1 ಅನ್ನುತ್ತಾರೆ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಸೋಲಿಸಿದ ಪಂದ್ಯವದು. ರೂಪ್ ಸಿಂಗ್ 10, ಅಣ್ಣ ಧ್ಯಾನ್‌ಚಂದ್ 8. ಒಂದೇ ಮನೆಯಿಂದ 18 ಗೋಲು! ಆದರೆ ಆ ವರ್ಷ ಹಾಕಿಗೆ ಬಂದಿದ್ದೇ ಮೂರು ತಂಡ, ಅಮೆರಿಕದವರು ಒಲಿಂಪಿಕ್ ಹಾಕಿಗೆ ಹೊಸಬರು. ನನ್ನನ್ನು ಹಿಡಿದು ನಿಲ್ಲಿಸುವುದು ಆ 24 ಅಲ್ಲ, ಅದರ ಪಕ್ಕದ 1.

1928ರ ಆಮ್‌ಸ್ಟರ್‌ಡ್ಯಾಮ್‌ನಿಂದ 1960ರ ರೋಮ್ ಸೆಮಿಫೈನಲ್‌ವರೆಗೆ ಭಾರತ ಒಲಿಂಪಿಕ್ಸ್‌ನಲ್ಲಿ 30 ಪಂದ್ಯ ಆಡಿತು, ಮೂವತ್ತನ್ನೂ ಗೆದ್ದಿತು. ಹೊಡೆದದ್ದು 197 ಗೋಲು. ಬಿಟ್ಟುಕೊಟ್ಟದ್ದು 8. ಈ ಎಂಟನ್ನು ಒಂದೊಂದಾಗಿ ಹುಡುಕಿ ನೋಡಬೇಕು. ಜಪಾನ್, ಅಮೆರಿಕ, ಜರ್ಮನಿ, ಅರ್ಜೆಂಟೀನಾ, ಬ್ರಿಟನ್ ಪಾಲಿಗೆ ಒಂದೊಂದು. ನೆದರ್ಲೆಂಡ್ಸ್‌ಗೆ ಮೂರು, ಅದೂ 1948, 1952, 1960ರಲ್ಲಿ ಒಂದೊಂದರಂತೆ. ಅಂದರೆ 22 ಪಂದ್ಯಗಳಲ್ಲಿ ಎದುರಾಳಿ ಖಾತೆಯನ್ನೇ ತೆರೆಯಲಿಲ್ಲ. ತೆರೆದ ಎಂಟು ಕಡೆಯೂ ಎರಡನೆಯ ಗೋಲು ಬರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 29–0. ಮೆಲ್ಬರ್ನ್‌ನಲ್ಲಿ, 1956ರಲ್ಲಿ, 38–0. ಒಂದು ಪಂದ್ಯದ್ದಲ್ಲ, ಇಡೀ ಒಲಿಂಪಿಕ್ಸ್‌ನ ಲೆಕ್ಕ.

ಇದು ಒಂದೇ ಪೀಳಿಗೆಯ ಸಾಧನೆಯೂ ಅಲ್ಲ. ಯುದ್ಧ ಎರಡು ಒಲಿಂಪಿಕ್ಸ್‌ಗಳನ್ನು ನುಂಗಿತು, ಧ್ಯಾನ್‌ಚಂದ್‌ರ ಕಾಲ ಮುಗಿಯಿತು, ದೇಶವೇ ಎರಡಾಯಿತು. 1936ರಲ್ಲಿ ಬರ್ಲಿನ್‌ನಲ್ಲಿ ಭಾರತಕ್ಕಾಗಿ ಆಡಿದ್ದ ಅಲಿ ದಾರಾ 1948ರಲ್ಲಿ ಪಾಕಿಸ್ತಾನದ ನಾಯಕ. ಗೋಲಿನಲ್ಲಿ ರಿಚರ್ಡ್ ಅಲೆನ್ ನಿಂತಿದ್ದ ಜಾಗಕ್ಕೆ ಮುಂದೆ ಶಂಕರ್ ಲಕ್ಷ್ಮಣ್ ಬಂದರು. ಈಗಿನ ಹೆಲ್ಮೆಟ್, ಎದೆಕವಚ ಯಾವುದೂ ಇಲ್ಲದ ದಿನಗಳವು. ಆಟಗಾರರೆಲ್ಲ ಬದಲಾದರು, ಆ ಸಣ್ಣ ಅಂಕಿ ಮಾತ್ರ ಬೆಳೆಯಲಿಲ್ಲ.

1956, 1960, 1964. ಮೂರು ಫೈನಲ್‌ಗಳಲ್ಲೂ ಎದುರಿಗೆ ಪಾಕಿಸ್ತಾನ. 70 ನಿಮಿಷಗಳ ಮೂರು ಆಟ, ಒಟ್ಟು 210 ನಿಮಿಷ. ಎರಡೂ ಕಡೆ ಸೇರಿ ಮೂರೇ ಗೋಲು. ಮೂರರಲ್ಲೂ ನಮ್ಮ ಗೋಲು ಕಾದ ಲಕ್ಷ್ಮಣ್‌ರನ್ನು ದಾಟಿ ಹೋದ ಚೆಂಡು ಒಂದೇ. ಆ ಒಂದಕ್ಕೆ ರೋಮ್‌ನ ಚಿನ್ನ ಹೋಯಿತು, 32 ವರ್ಷದ ಗೆಲುವಿನ ಸರಣಿಯೂ ಮುರಿಯಿತು. 24 ಗೋಲಿನ ಗೆಲುವಿಗಿಂತ ಈ 0–1ರ ಸೋಲೇ ಆ ತಂಡದ ಎತ್ತರವನ್ನು ಚೆನ್ನಾಗಿ ತೋರಿಸುತ್ತದೆ ಎಂಬುದು ನನ್ನ ನಂಬಿಕೆ. ಸೋತಾಗಲೂ ಎರಡನೆಯದನ್ನು ಬಿಡಲಿಲ್ಲ.

ಒಲಿಂಪಿಕ್ಸ್‌ನ ಒಂದೇ ಪಂದ್ಯದಲ್ಲಿ ಭಾರತಕ್ಕೆ ಎರಡು ಗೋಲು ಹೊಡೆಯಲು ಒಂದು ತಂಡಕ್ಕೆ ಸಾಧ್ಯವಾದದ್ದು 1968ರಲ್ಲಿ, ಮೆಕ್ಸಿಕೊದಲ್ಲಿ. ನ್ಯೂಜಿಲೆಂಡ್ 2–1ರಿಂದ ಗೆದ್ದಿತು. ಅಷ್ಟರಲ್ಲಿ ನಲವತ್ತು ವರ್ಷ ಕಳೆದಿತ್ತು.

1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಲ್ಲು ಹೋಗಿ ಕೃತಕ ಹಾಸು ಬಂತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ತಂಡ 1980ರಲ್ಲಿ ಮಾಸ್ಕೋದಿಂದ ಎಂಟನೆಯ ಚಿನ್ನ ತಂದಿತು. ಅಲ್ಲಿಯೂ ಫೈನಲ್ ಗೆದ್ದದ್ದು 4–3ರಲ್ಲಿ. ಆಮೇಲಿನ ಪದಕಕ್ಕೆ 41 ವರ್ಷ ಕಾಯಬೇಕಾಯಿತು. ಟೋಕಿಯೊದ ಆ ಕಂಚಿನ ಪಂದ್ಯದಲ್ಲಿ ಜರ್ಮನಿ ಹೊಡೆದದ್ದು ನಾಲ್ಕು ಗೋಲು: ಹಿಂದಿನವರು 30 ಪಂದ್ಯಗಳಲ್ಲಿ ಬಿಟ್ಟದ್ದರ ಸರಿ ಅರ್ಧ. ನಾವು ಹೊಡೆದದ್ದು ಐದು. ಕೆಲವೇ ಸೆಕೆಂಡು ಉಳಿದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು, ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು.